ವ್ಯಾನ್ ಹೇಲನ್ ಕೇಳತೊಡಗುವವರಿಗೆ: ಯಾವ ಆಲ್ಬಮ್ ಮೊದಲು?

ಅಮೆರಿಕದ ಹಾರ್ಡ್ ರಾಕ್ ತಂಡಗಳಲ್ಲಿ ತನ್ನ ಕೇಳುಗರನ್ನು ವ್ಯಾನ್ ಹೇಲನ್‌ನಷ್ಟು ಸ್ಪಷ್ಟವಾಗಿ ಎರಡು ಬಣ ಮಾಡಿದ ತಂಡಗಳು ಕಡಿಮೆ. 1978ರಿಂದ 1984ರವರೆಗೆ ಡೇವಿಡ್ ಲೀ ರಾಥ್ ಹಾಡಿದ ಆರು ಆಲ್ಬಮ್‌ಗಳು ಒಂದು ಕಡೆ, 1986ರಿಂದ 1995ರವರೆಗೆ ಸ್ಯಾಮಿ ಹೇಗರ್ ಹಾಡಿದ ನಾಲ್ಕು ಆಲ್ಬಮ್‌ಗಳು ಇನ್ನೊಂದು ಕಡೆ. ಎಲ್ಲಿಂದ ಕೇಳತೊಡಗಬೇಕು ಎಂದು ಹೊಸಬರು ವಿಚಾರಿಸಿದರೆ ಹಳಬರು ಕೊಡುವ ಉತ್ತರ ಬಹುತೇಕ ಯಾವ ಗಾಯಕ ಮೇಲು ಎಂಬ ವಾದವೇ ಆಗಿರುತ್ತದೆ. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಆಲ್ಬಮ್ ಆರಿಸಿಕೊಳ್ಳಲು ಹೊರಟವರಿಗೆ ಅದರಿಂದ ಆಗುವ ಉಪಕಾರ ಅಲ್ಪ. ಈ ತಂಡದ ಸಂಗೀತ ನಿಜವಾಗಿ ಹೊರಳಿದ್ದು ರಾಥ್ ಹೊರನಡೆದ 1985ರಲ್ಲಿ ಅಲ್ಲ. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತಮ್ಮ ಮನೆಯ ಆವರಣದಲ್ಲೇ ಸ್ವಂತ ಸ್ಟುಡಿಯೊ ಕಟ್ಟಿಕೊಂಡ 1983ರಲ್ಲಿ. ಅದಕ್ಕಿಂತ ಮೊದಲಿನ ಆಲ್ಬಮ್‌ಗಳಲ್ಲಿ ನಾಲ್ವರು ಒಂದೇ ಕೋಣೆಯಲ್ಲಿ ನಿಂತು ನುಡಿಸುವ ಸದ್ದು ಮುಂದಿದೆ, ಆಮೇಲಿನವುಗಳಲ್ಲಿ ಕೂತು ಯೋಚಿಸಿ, ಪದರದ ಮೇಲೆ ಪದರವಿಟ್ಟು ಕಟ್ಟಿದ ಸಂಗೀತ ಮುಂದಿದೆ. ನಿಮ್ಮ ಕಿವಿಗೆ ಇವೆರಡರಲ್ಲಿ ಯಾವುದು ಬೇಕೆಂಬುದು ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ತಂಡದ ಹಿನ್ನೆಲೆಯನ್ನು ಕೆಲವೇ ಮಾತಿನಲ್ಲಿ ಹೇಳಬಹುದು. ಅಣ್ಣ ಅಲೆಕ್ಸ್ ಮತ್ತು ತಮ್ಮ ಎಡ್ಡಿ ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ತಂದೆ ಯಾನ್ ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ನುಡಿಸಿ ಸಂಸಾರ ನಡೆಸುತ್ತಿದ್ದ ವಾದಕ, ತಾಯಿ ಯೂಜೀನಿಯಾ ಜಾವಾ ದ್ವೀಪದವರು. 1962ರಲ್ಲಿ ಕುಟುಂಬ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ ವಲಸೆ ಬಂದಿತು. ಮಕ್ಕಳಿಬ್ಬರಿಗೂ ಪಿಯಾನೊ ಪಾಠವಾಯಿತು. ಆದರೆ ಎಡ್ಡಿ ಸ್ವರಲಿಪಿ ಓದಲು ಕಲಿಯದೆ, ಕೇಳಿದ್ದನ್ನು ಕಿವಿಯಲ್ಲಿಟ್ಟುಕೊಂಡು ನುಡಿಸುತ್ತಿದ್ದರು. ಮೊದಲು ಡ್ರಮ್ಸ್ ಎಡ್ಡಿಯದು, ಗಿಟಾರ್ ಅಲೆಕ್ಸ್‌ನದು ಆಗಿತ್ತು, ಆಮೇಲೆ ಅದು ಅದಲುಬದಲಾಯಿತು. ರಾಥ್ ಮತ್ತು ಬೇಸ್ ಗಿಟಾರ್‌ನ ಮೈಕೆಲ್ ಆಂಟನಿ ಸೇರಿಕೊಂಡ ಮೇಲೆ, 1970ರ ದಶಕದ ನಡುವಿನಲ್ಲಿ, ತಂಡಕ್ಕೆ ಸಹೋದರರ ಮನೆತನದ ಹೆಸರೇ ನಿಂತಿತು. ವರ್ಷಗಟ್ಟಲೆ ಮನೆಯಂಗಳದ ಪಾರ್ಟಿಗಳಲ್ಲೂ ಲಾಸ್ ಏಂಜಲಿಸ್‌ನ ಕ್ಲಬ್ಬುಗಳಲ್ಲೂ ನುಡಿಸಿ ಪಳಗಿದ ಈ ತಂಡವನ್ನು 1977ರಲ್ಲಿ ಹಾಲಿವುಡ್‌ನ ಸ್ಟಾರ್‌ವುಡ್ ಕ್ಲಬ್ಬಿನಲ್ಲಿ ಕೇಳಿದ ವಾರ್ನರ್ ಬ್ರದರ್ಸ್ ಕಂಪನಿಯ ಮೋ ಆಸ್ಟಿನ್ ಮತ್ತು ನಿರ್ಮಾಪಕ ಟೆಡ್ ಟೆಂಪಲ್‌ಮನ್ ಒಪ್ಪಂದ ಮಾಡಿಕೊಂಡರು.

ಮೊದಲ ಆಲ್ಬಮ್ (1978)

ಫೆಬ್ರುವರಿ 1978ರಲ್ಲಿ ಬಂದ, ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಮ್ ಇಂದಿಗೂ ಹೆಚ್ಚಿನವರಿಗೆ ನಾನು ಸೂಚಿಸುವ ಆರಂಭ. ಹಾಲಿವುಡ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೊದಲ್ಲಿ ಕೆಲವೇ ವಾರಗಳಲ್ಲಿ ಇದರ ಧ್ವನಿಮುದ್ರಣ ಮುಗಿಯಿತು. ಕ್ಲಬ್ಬುಗಳಲ್ಲಿ ನೂರಾರು ಸಲ ನುಡಿಸಿ ಬಾಯಿಪಾಠವಾದ ಹಾಡುಗಳಾದ್ದರಿಂದ ತಂಡಕ್ಕೆ ತಡಕಾಡುವ ಅಗತ್ಯವಿರಲಿಲ್ಲ. ಟೆಂಪಲ್‌ಮನ್ ಮತ್ತು ಧ್ವನಿ ಎಂಜಿನಿಯರ್ ಡಾನ್ ಲ್ಯಾಂಡೀ ಕೂಡ ಆ ಹುಮ್ಮಸ್ಸನ್ನು ಕೆಡಿಸದೆ ಹಿಡಿದಿಡುವುದಷ್ಟೇ ತಮ್ಮ ಕೆಲಸವೆಂದು ತಿಳಿದರು. ಬಹಳಷ್ಟು ಹಾಡುಗಳಲ್ಲಿ ಗಿಟಾರ್ ಒಂದೇ. ಅದು ಎಡಗಡೆಯ ಸ್ಪೀಕರ್‌ನಲ್ಲಿದೆ, ಬಲಗಡೆಯಲ್ಲಿ ಕೇಳುವುದು ಬಹುಮಟ್ಟಿಗೆ ಅದರ ಪ್ರತಿಧ್ವನಿ. ಇದನ್ನು ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಆಲ್ಬಮ್‌ನ ಜೀವವೇ ತಪ್ಪಿಹೋಗುತ್ತದೆ. ಎರಡೂ ಕಿವಿಯಲ್ಲಿಟ್ಟು ಕೇಳಿದಾಗ ಎಡಗಡೆಯ ಒಣ ಸದ್ದು ಮತ್ತು ಬಲಗಡೆಯ ಒದ್ದೆ ಸದ್ದು ಸೇರಿ, ಒಬ್ಬ ವಾದಕ ದೊಡ್ಡ ಕೋಣೆಯೊಂದರ ಮೂಲೆಯಲ್ಲಿ ನಿಂತು ನುಡಿಸುತ್ತಿರುವ ಅನುಭವವಾಗುತ್ತದೆ.

ಈ ಆಲ್ಬಮ್‌ನ ಎರಡನೆಯ ತುಣುಕು ‘ಇರಪ್ಶನ್’ ಎರಡು ನಿಮಿಷವನ್ನೂ ಮುಟ್ಟದ ಒಂಟಿ ಗಿಟಾರ್ ವಾದನ. ಮುಂದಿನ ಕ್ಲಬ್ ಕಾರ್ಯಕ್ರಮಕ್ಕೆಂದು ಎಡ್ಡಿ ಸ್ಟುಡಿಯೊದಲ್ಲಿ ಅಭ್ಯಾಸ ಮಾಡುತ್ತಿದ್ದುದು ಕಿವಿಗೆ ಬಿದ್ದು ಅದನ್ನು ಮುದ್ರಿಸಿಕೊಂಡರು. ಅದರ ಮೇಲಿನ ಸ್ವರಗಳಲ್ಲಿ ತಾವು ಒಂದೆಡೆ ತಪ್ಪಿದ್ದು ಪ್ರತಿ ಸಲ ಕೇಳುವಾಗಲೂ ಗೊತ್ತಾಗುತ್ತದೆ ಎಂದು ಎಡ್ಡಿ ಮುಂದೆ ಹೇಳಿಕೊಂಡರು. ಕೇಳುಗರಿಗೆ ಅದು ಗೊತ್ತಾಗಿದ್ದೇ ಇಲ್ಲ. ಒಂದು ನಿಮಿಷದ ಆಸುಪಾಸಿನಲ್ಲಿ ಶುರುವಾಗುವ ಭಾಗವನ್ನು ಗಮನವಿಟ್ಟು ಕೇಳಬೇಕು. ಅಲ್ಲಿ ಬಲಗೈ ತಂತಿ ಮೀಟುವುದನ್ನು ಬಿಟ್ಟು, ಅದರ ಬೆರಳು ನೇರವಾಗಿ ಗಿಟಾರ್‌ನ ಕತ್ತಿನ ಮೇಲಿನ ಮನೆಗಳಿಗೆ ಬಡಿಯುತ್ತದೆ, ಎಡಗೈ ಬೆರಳುಗಳು ಅದಕ್ಕೆ ಕೆಳಗಿನ ಸ್ವರಗಳನ್ನು ಜೋಡಿಸುತ್ತವೆ. ಹೀಗಾಗಿ ಒಂದೇ ತಂತಿಯ ಮೇಲೆ ದೂರದೂರದ ಮೂರು ಸ್ವರಗಳು ಎಡೆಬಿಡದೆ ಸುತ್ತುತ್ತವೆ, ಕೇಳುವವರಿಗೆ ಆರ್ಗನ್ನೋ ಪಿಟೀಲೋ ಎಂಬ ಗೊಂದಲವಾಗುತ್ತದೆ. ಈ ‘ಟ್ಯಾಪಿಂಗ್’ ವಿಧಾನವನ್ನು ಎಡ್ಡಿಗಿಂತ ಮೊದಲೇ ಬೇರೆಯವರು ಬಳಸಿದ್ದರು. ಅದನ್ನು ಚಮತ್ಕಾರದ ಮಟ್ಟದಿಂದ ಎತ್ತಿ ಸಂಗೀತದ ಮಾತಾಗಿಸಿದ್ದು, ರಾಕ್ ಗಿಟಾರ್ ಕಲಿಯುವ ಇಡೀ ಒಂದು ಪೀಳಿಗೆಯ ಪಠ್ಯವಾಗಿಸಿದ್ದು ಈ ತುಣುಕು.

ಆ ಸದ್ದು ಬಂದ ವಾದ್ಯವೂ ಅಂಗಡಿಯಲ್ಲಿ ಸಿಗುವಂಥದ್ದಾಗಿರಲಿಲ್ಲ. ಕಡಿಮೆ ದರಕ್ಕೆ ಕೊಂಡ ಒಂದು ಮರದ ಒಡಲು, ಬೇರೆಯಾಗಿ ಕೊಂಡ ಕತ್ತು, ಹಳೆಯ ಗಿಬ್ಸನ್ ಗಿಟಾರಿನಿಂದ ಕಿತ್ತು ಕೂರಿಸಿದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಧ್ವನಿ ಏರಿಳಿಸಲು ಒಂದೇ ಒಂದು ಗುಬುಟು, ಮೇಲೆ ಟೇಪು ಅಂಟಿಸಿ ಬಳಿದ ಬಣ್ಣದ ಪಟ್ಟೆಗಳು: ಎಡ್ಡಿ ತಮ್ಮ ಕೈಯಾರೆ ಜೋಡಿಸಿದ ಈ ಗಿಟಾರ್‌ಗೆ ‘ಫ್ರ್ಯಾಂಕನ್‌ಸ್ಟ್ರಾಟ್’ ಎಂಬ ಹೆಸರು ಬಿದ್ದಿತು. ನೂರು ವಾಟ್‌ನ ಮಾರ್ಷಲ್ ಆಂಪ್ಲಿಫೈಯರ್‌ಗೆ ಹೋಗುವ ವಿದ್ಯುತ್ತಿನ ವೋಲ್ಟೇಜನ್ನು ವೇರಿಯಾಕ್ ಎಂಬ ಉಪಕರಣದಿಂದ ತಗ್ಗಿಸಿ, ಆಂಪ್ಲಿಫೈಯರನ್ನು ಪೂರ್ತಿ ಏರಿಸಿದಾಗಿನ ದಪ್ಪ ಸದ್ದು ಸಣ್ಣ ಕ್ಲಬ್ಬಿನಲ್ಲೂ ಸಿಗುವಂತೆ ಅವರು ಮಾಡಿಕೊಂಡಿದ್ದರು. ಕಲಿಕೆಯಲ್ಲೂ ಉಪಕರಣದಲ್ಲೂ ಅವರು ಯಾರ ಸಿದ್ಧ ದಾರಿಯನ್ನೂ ಹಿಡಿದವರಲ್ಲ. ಈ ಸ್ವಭಾವವೇ ಐದು ವರ್ಷಗಳ ಮೇಲೆ ಸ್ಟುಡಿಯೊ ಕಟ್ಟಿಸಿತು.

ಗಿಟಾರ್‌ನ ಹೊಗಳಿಕೆಯಲ್ಲಿ ಮರೆಯಬಾರದ ಇನ್ನೊಂದು ಸಂಗತಿ ಮೈಕೆಲ್ ಆಂಟನಿ ಅವರ ಕಂಠ. ‘ರನ್ನಿಂಗ್ ವಿತ್ ದ ಡೆವಿಲ್’ ಹಾಡಿನ ಪಲ್ಲವಿಯನ್ನು ಕೇಳಿ: ರಾಥ್ ಒರಟಾಗಿ, ಅರ್ಧ ಮಾತಾಡುತ್ತ ಹಾಡುವಾಗ ಅವರ ಮೇಲೆ ತೇಲುವ ತೆಳುವಾದ ಎತ್ತರದ ದನಿ ಆಂಟನಿಯವರದು, ಜೊತೆಗೆ ಎಡ್ಡಿಯವರದು. ವ್ಯಾನ್ ಹೇಲನ್ ಎಂದರೆ ನಮ್ಮ ಕಿವಿ ಗುರುತಿಸುವುದರಲ್ಲಿ ಈ ಸಹಗಾಯನದ ಪಾಲು ಗಿಟಾರ್‌ನಷ್ಟೇ ದೊಡ್ಡದು, ಮತ್ತು ಗಾಯಕ ಬದಲಾದಾಗಲೂ ಅದು ಬದಲಾಗಲಿಲ್ಲ. ರಾಥ್ ಕಾಲದಿಂದ ಹೇಗರ್ ಕಾಲಕ್ಕೆ ದಾಟುವವರಿಗೆ ಸೇತುವೆಯಾಗಿರುವುದು ಇದೇ.

ಎರಡನೆಯದರಿಂದ ಐದನೆಯದರವರೆಗೆ

1979ರ ‘ವ್ಯಾನ್ ಹೇಲನ್ 2’ ಮೊದಲನೆಯದರ ಮುಂದುವರಿಕೆ, ಹೆಚ್ಚು ಹಗುರ, ಹೆಚ್ಚು ಬಿಸಿಲು. ‘ಡಾನ್ಸ್ ದ ನೈಟ್ ಅವೇ’ ಎಂಬ ಸರಳ ಚಂದದ ಹಾಡು ಇದರಲ್ಲಿದೆ. ನೈಲಾನ್ ತಂತಿಯ ಗಿಟಾರ್‌ನಲ್ಲೂ ತಮ್ಮ ಬೆರಳುಗಾರಿಕೆ ನಡೆಯುತ್ತದೆಂದು ಎಡ್ಡಿ ತೋರಿಸಿದ ‘ಸ್ಪ್ಯಾನಿಶ್ ಫ್ಲೈ’ ಕೂಡ ಇದರಲ್ಲೇ ಇದೆ. ಮೊದಲ ಆಲ್ಬಮ್ ಮೆಚ್ಚಿದವರು ಇದನ್ನು ಕೇಳಿಯೇ ಕೇಳುತ್ತಾರೆ, ಆದ್ದರಿಂದ ಬೇರೆಯಾಗಿ ಶಿಫಾರಸು ಬೇಕಿಲ್ಲ. 1980ರ ‘ವಿಮೆನ್ ಆ್ಯಂಡ್ ಚಿಲ್ಡ್ರನ್ ಫಸ್ಟ್’ನಲ್ಲಿ ಬೇರೆಯವರ ಹಾಡೊಂದೂ ಇಲ್ಲ. ಅದರ ಮೊದಲ ಹಾಡಿನ ಆರಂಭದಲ್ಲಿ ಗೊರಗೊರ ಎನ್ನುವುದು ಗಿಟಾರ್ ಅಲ್ಲ, ಮಾರ್ಷಲ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿದ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೊ. ಕೀಬೋರ್ಡ್ ಬಂದದ್ದರಿಂದಲೇ 1984ರಲ್ಲಿ ತಂಡ ಕೆಟ್ಟಿತು ಎನ್ನುವವರು ಈ ಹಾಡನ್ನು ಒಮ್ಮೆ ಕೇಳಬೇಕು.

1981ರ ‘ಫೇರ್ ವಾರ್ನಿಂಗ್’ ಈ ಆರರಲ್ಲಿ ನನಗೆ ಅತಿ ಪ್ರಿಯವಾದದ್ದು, ಆದರೂ ಹೊಸಬರ ಕೈಗೆ ಮೊದಲಿಗೆ ಕೊಡಲು ನಾನು ಹಿಂಜರಿಯುವುದೂ ಇದನ್ನೇ. ಮೊದಲ ಮೂರರಲ್ಲಿದ್ದ ಪಾರ್ಟಿಯ ಮನೋಭಾವ ಇಲ್ಲಿ ಆರಿಹೋಗಿದೆ. ಹಾಡುಗಳು ಬೀದಿಯವು, ರಾತ್ರಿಯವು, ಸಿಟ್ಟಿನವು. ರಾಥ್ ಕಾಲದ ಬೇರೆ ಆಲ್ಬಮ್‌ಗಳಷ್ಟು ಚುರುಕಾಗಿ ಇದು ಮಾರಾಟವಾಗಲಿಲ್ಲ. ಮೊದಲ ಹಾಡು ‘ಮೀನ್ ಸ್ಟ್ರೀಟ್’ ಆರಂಭವಾಗುವುದೇ ತಂತಿಗಳನ್ನು ಬೆರಳಿನಿಂದ ತಟ್ಟಿ, ಬಡಿದು ಎಬ್ಬಿಸಿದ ತಾಳದಿಂದ. ಗಿಟಾರ್ ಅಲ್ಲಿ ಅರ್ಧ ಚರ್ಮವಾದ್ಯವಾಗಿದೆ, ನಡುನಡುವೆ ಗಂಟೆಯಂಥ ಸ್ವರಗಳು ಮಿಂಚುತ್ತವೆ. ‘ಅನ್‌ಚೇಯ್ನ್ಡ್’ ಹಾಡಿನ ಗಿಟಾರ್ ಪಲುಕಿನಲ್ಲಿ ಭಾರ ಮತ್ತು ಓಟ ಎರಡೂ ಒಟ್ಟಿಗಿವೆ, ಇಂಥದ್ದು ಹಾರ್ಡ್ ರಾಕ್‌ನಲ್ಲಿ ಅಪರೂಪ. ಈ ಆಲ್ಬಮ್‌ನಲ್ಲಿ ಗಿಟಾರ್‌ನ ಪದರಗಳೂ ಹೆಚ್ಚಿವೆ. ತಂಡ ಮನೆಗೆ ಹೋದ ಮೇಲೆ ರಾತ್ರಿ ಲ್ಯಾಂಡೀ ಜೊತೆ ಸ್ಟುಡಿಯೊಗೆ ಮರಳಿ ತಮ್ಮ ಮನಸ್ಸಿನಂತೆ ತಿದ್ದುತ್ತಿದ್ದುದನ್ನು ಎಡ್ಡಿ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅಂದರೆ ಕೋಣೆಯಲ್ಲಿ ನಾಲ್ವರು ನುಡಿಸಿದ್ದೇ ಸಾಕೆಂಬ ಟೆಂಪಲ್‌ಮನ್ ಪದ್ಧತಿ ಎಡ್ಡಿಗೆ ಇಕ್ಕಟ್ಟೆನಿಸತೊಡಗಿದ್ದು ಇಲ್ಲಿಯೇ. ನೀವು ಈಗಾಗಲೇ ಭಾರವಾದ ರಾಕ್ ಸಂಗೀತ ಕೇಳಿ ಬಲ್ಲವರಾದರೆ, ಇದರ 31 ನಿಮಿಷಗಳಿಂದಲೇ ಶುರುಮಾಡಬಹುದು.

1982ರ ‘ಡೈವರ್ ಡೌನ್’ ಅವಸರದ ಕೂಸು. ಹಳೆಯ ‘ಓ, ಪ್ರೆಟಿ ವುಮನ್’ ಹಾಡನ್ನು ತಂಡ ಬಿಡಿಯಾಗಿ ಹೊರತಂದಿತು, ಅದು ಜನಪ್ರಿಯವಾಯಿತು, ಕಂಪನಿಗೆ ಕೂಡಲೇ ಆಲ್ಬಮ್ ಬೇಕಾಯಿತು. ಹೀಗೆ ಬಂದ ಹನ್ನೆರಡು ತುಣುಕುಗಳಲ್ಲಿ ಐದು ಬೇರೆಯವರ ಹಾಡುಗಳು. ಇದನ್ನು ಮೊದಲಿಗೆ ಆರಿಸಿಕೊಳ್ಳಬೇಡಿ. ಆದರೆ ಎರಡು ತುಣುಕುಗಳಿಗಾಗಿ ಮುಂದೆಂದಾದರೂ ಇಲ್ಲಿಗೆ ಬನ್ನಿ: ಧ್ವನಿಯ ಗುಬುಟನ್ನು ತಿರುಗಿಸುತ್ತ ಗಿಟಾರನ್ನು ಚರ್ಚಿನ ಆರ್ಗನ್‌ನಂತೆ ಕೇಳಿಸುವ ‘ಕೆಥೀಡ್ರಲ್’, ಮತ್ತು ತಂದೆ ಯಾನ್ ಅವರು ಕ್ಲಾರಿನೆಟ್ ನುಡಿಸಿರುವ ‘ಬಿಗ್ ಬ್ಯಾಡ್ ಬಿಲ್’. ಬೇರೆಯವರ ಹಾಡಿನಿಂದ ಗೆಲ್ಲುವುದಕ್ಕಿಂತ ಸ್ವಂತ ಹಾಡಿನಿಂದ ಸೋಲುವುದೇ ಮೇಲೆಂಬ ಅರ್ಥದ ಮಾತನ್ನು ಎಡ್ಡಿ ಈ ಅನುಭವದ ನಂತರ ಆಡಿದರು.

1984: ನಡುವಿನ ಬಾಗಿಲು

ಆ ಅಸಮಾಧಾನದ ಫಲವೇ 1983ರಲ್ಲಿ ಲ್ಯಾಂಡೀ ಜೊತೆಗೂಡಿ ಮನೆಯ ಆವರಣದಲ್ಲಿ ಕಟ್ಟಿದ ‘5150’ ಸ್ಟುಡಿಯೊ. ಗಂಟೆಗಿಷ್ಟೆಂದು ಬಾಡಿಗೆಯಿಲ್ಲ, ಸಾಕು ನಿಲ್ಲಿಸು ಎನ್ನುವವರಿಲ್ಲ. ಅಲ್ಲಿ ಮುದ್ರಿಸಿದ ಮೊದಲ ಆಲ್ಬಮ್ ಜನವರಿ 1984ರಲ್ಲಿ ಬಂದ ‘1984’. ಗಾಯಕ ರಾಥ್, ನಿರ್ಮಾಪಕ ಟೆಂಪಲ್‌ಮನ್, ಉದ್ದ ಕೇವಲ 33 ನಿಮಿಷ. ಹೊರಗಿನಿಂದ ನೋಡಿದರೆ ಎಲ್ಲವೂ ಹಳೆಯದೇ. ಆದರೆ ಮೊದಲು ಕೇಳುವುದು ಒಂದು ನಿಮಿಷದ ಸಿಂಥಸೈಸರ್ ವಾದನ, ಅದರ ಬೆನ್ನಿಗೇ ಓಬರ್‌ಹೈಮ್ ಕೀಬೋರ್ಡಿನ ಆ ಪ್ರಸಿದ್ಧ ಸ್ವರಗುಚ್ಛಗಳಿಂದ ಏಳುವ ‘ಜಂಪ್’. ಈ ಕೀಬೋರ್ಡ್ ಸಂಗತಿಯನ್ನು ಎಡ್ಡಿ ಬಹಳ ಮೊದಲೇ ಹೆಣೆದಿದ್ದರೂ ರಾಥ್‌ಗಾಗಲಿ ಟೆಂಪಲ್‌ಮನ್‌ಗಾಗಲಿ ಅದರಲ್ಲಿ ಆಸಕ್ತಿಯಿರಲಿಲ್ಲ. ಸ್ವಂತ ಸ್ಟುಡಿಯೊದಲ್ಲಿ ಅದು ಹಾಡಾಯಿತು, ಅಮೆರಿಕದ ಬಿಲ್‌ಬೋರ್ಡ್ ಹಾಡುಗಳ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಆಲ್ಬಮ್ ಮಾತ್ರ ಎರಡನೆಯ ಸ್ಥಾನದಲ್ಲೇ ಉಳಿಯಿತು; ಮೇಲೆ ಕೂತಿದ್ದುದು ಮೈಕೆಲ್ ಜಾಕ್ಸನ್‌ರ ‘ಥ್ರಿಲ್ಲರ್’, ಅದರಲ್ಲಿನ ‘ಬೀಟ್ ಇಟ್’ ಹಾಡಿಗೆ ಗಿಟಾರ್ ಸೋಲೊ ನುಡಿಸಿದವರೂ ಎಡ್ಡಿಯೇ.

ಗಾಯಕರ ಬಣಗಳ ವಾದದಲ್ಲಿ ಮರೆತುಹೋಗುವ ಆಲ್ಬಮ್ ಇದು ಎಂಬುದು ನನ್ನ ತಕರಾರು. ಇದನ್ನು ರಾಥ್ ಕಾಲದ ಕೊನೆ ಎಂದು ಕೇಳಿದಾಗ ಹಳೆಯ ಚೇಷ್ಟೆ, ಹಳೆಯ ವೇಗ ಕಾಣುತ್ತವೆ. ‘ಹಾಟ್ ಫಾರ್ ಟೀಚರ್’ನ ಆರಂಭದಲ್ಲಿ ಅಲೆಕ್ಸ್ ಜೋಡಿ ಬೇಸ್ ಡ್ರಮ್‌ಗಳನ್ನು ಎರಡು ಕಾಲುಗಳಿಂದ ಓಡಿಸುತ್ತ ಮೇಲಿನ ಡ್ರಮ್‌ಗಳನ್ನು ಉರುಳಿಸುವುದನ್ನು ಕೇಳಿದರೆ ಮೋಟರ್‌ಬೈಕಿನ ಎಂಜಿನ್ನು ಶುರುವಾದಂತೆ ಅನ್ನಿಸುತ್ತದೆ. ‘ಪನಾಮಾ’ದ ನಡುವೆ ಕೇಳುವುದಂತೂ ನಿಜವಾದ ಎಂಜಿನ್ನೇ; ಎಡ್ಡಿಯ ಲ್ಯಾಂಬೊರ್ಗಿನಿ ಕಾರನ್ನು ಸ್ಟುಡಿಯೊ ಬಳಿ ತಂದು ನಿಲ್ಲಿಸಿ, ಅದರ ಹೊಗೆಕೊಳವೆಯ ಬಳಿ ಮೈಕ್ ಇಟ್ಟು ಮುದ್ರಿಸಿದರು. ಇದನ್ನೇ ಹೊಸ ಕಾಲದ ಮೊದಲು ಎಂದು ಕೇಳಿದಾಗ, ಗಾಯಕ ಮೈಕೆಲ್ ಮೆಕ್‌ಡೊನಾಲ್ಡ್ ಜೊತೆಗೂಡಿ ಬರೆದ, ಪೂರ್ತಿ ಕೀಬೋರ್ಡಿನ ಮೇಲೆ ನಿಂತ ‘ಐಲ್ ವೇಟ್’ ಮುಂದಿನ ಹತ್ತು ವರ್ಷಗಳ ದಾರಿಯನ್ನು ಆಗಲೇ ಹೇಳುತ್ತಿದೆ. ಅಮೆರಿಕದಲ್ಲಿ ಒಂದು ಕೋಟಿ ಪ್ರತಿಗಳ ಮಾರಾಟ ದಾಟಿದ್ದಕ್ಕಾಗಿ ಡೈಮಂಡ್ ಪ್ರಮಾಣಪತ್ರ ಪಡೆದ ತಂಡದ ಆಲ್ಬಮ್‌ಗಳು ಎರಡೇ: 1978ರದು ಮತ್ತು ಇದು. ಗಿಟಾರ್‌ಗಿಂತ ಹಾಡೇ ಮುಖ್ಯ ಎನ್ನುವವರು, ಹಿಂದಿ ಅಥವಾ ಕನ್ನಡ ಚಿತ್ರಗೀತೆಯ ರಾಗಸುಖಕ್ಕೆ ಒಗ್ಗಿದ ಕಿವಿಯವರು ಮೊದಲ ಆಲ್ಬಮ್‌ನ ಬದಲು ಇದರಿಂದ ಶುರುಮಾಡುವುದು ಒಳ್ಳೆಯದು.

ಹೇಗರ್ ಬಂದ ಮೇಲೆ

1985ರಲ್ಲಿ ರಾಥ್ ಹೋದರು, ಹೇಗರ್ ಬಂದರು. ಹೇಗರ್ ಹೊಸಬರಲ್ಲ, 1970ರ ದಶಕದಲ್ಲಿ ಮಾಂಟ್ರೋಸ್ ತಂಡದಲ್ಲಿ ಹಾಡಿ, ಆಮೇಲೆ ಒಂಟಿಯಾಗಿ ಹೆಸರು ಮಾಡಿದ್ದರು. ಇಬ್ಬರ ವ್ಯತ್ಯಾಸವನ್ನು ಕಂಠದ ಗುಣದಲ್ಲಿ ಮಾತ್ರ ನೋಡಿದರೆ ಸಾಲದು. ರಾಥ್ ಸಾಲನ್ನು ತುಂಡರಿಸಿ ಎಸೆಯುತ್ತಾರೆ, ಕೂಗುತ್ತಾರೆ, ಪಿಸುಗುಟ್ಟುತ್ತಾರೆ, ನಡುವೆ ಮಾತಿಗಿಳಿಯುತ್ತಾರೆ. ಆ ತುಂಡುಗಳ ನಡುವಿನ ಖಾಲಿ ಜಾಗದಲ್ಲಿ ಎಡ್ಡಿಯ ಗಿಟಾರ್ ಮರುಮಾತಾಡುತ್ತದೆ, ಹಾಗಾಗಿ ಆ ಹಾಡುಗಳಲ್ಲಿ ಗಿಟಾರ್ ಎರಡನೆಯ ಪಾತ್ರಧಾರಿ. ಹೇಗರ್ ಸ್ವರವನ್ನು ಹಿಡಿದು ನಿಲ್ಲಿಸಬಲ್ಲವರು, ತಾರಸ್ಥಾಯಿಯಲ್ಲೂ ಶ್ರುತಿ ಬಿಡದವರು. ಉದ್ದವಾದ ರಾಗದ ಸಾಲು ಅವರಿಗೆ ಸಹಜ, ಅದರ ಕೆಳಗೆ ಕೀಬೋರ್ಡಿನ ಸ್ವರಗುಚ್ಛಗಳನ್ನು ಬದಲಿಸುತ್ತ ಹೋಗುವ ಅವಕಾಶ ಎಡ್ಡಿಗೆ ಸಿಕ್ಕಿತು. ಸ್ವಂತ ಸ್ಟುಡಿಯೊದಲ್ಲಿ ಎಡ್ಡಿ ಮಾಡಬಯಸಿದ್ದ ಸಂಗೀತಕ್ಕೆ ಹೇಗರ್ ತಕ್ಕ ಕಂಠವಾಗಿದ್ದರು ಎನ್ನುವುದು, ಹೇಗರ್ ಬಂದು ತಂಡವನ್ನು ಬದಲಿಸಿದರು ಎನ್ನುವುದಕ್ಕಿಂತ ಸತ್ಯಕ್ಕೆ ಹತ್ತಿರ.

ಸ್ಟುಡಿಯೊದ ಹೆಸರನ್ನೇ ಹೊತ್ತು ಮಾರ್ಚ್ 1986ರಲ್ಲಿ ಬಂದ ‘5150’ ತಂಡದ ಮೊದಲ ನಂಬರ್ ಒನ್ ಆಲ್ಬಮ್. ಟೆಂಪಲ್‌ಮನ್ ಬದಲು ಫಾರಿನರ್ ತಂಡದ ಮಿಕ್ ಜೋನ್ಸ್ ನಿರ್ಮಾಣದಲ್ಲಿ ಕೈಜೋಡಿಸಿದರು. ‘ವೈ ಕಾಂಟ್ ದಿಸ್ ಬಿ ಲವ್’, ‘ಡ್ರೀಮ್ಸ್’, ‘ಲವ್ ವಾಕ್ಸ್ ಇನ್’ ಮೂರೂ ಕೀಬೋರ್ಡಿನ ಹಾಡುಗಳು, ಮೂರೂ ಒಮ್ಮೆ ಕೇಳಿದರೆ ಗುನುಗುವಂಥವು. ‘ಡ್ರೀಮ್ಸ್’ನಲ್ಲಿ ಹೇಗರ್ ಏರುವ ಎತ್ತರ ರಾಥ್ ಕಾಲದಲ್ಲಿ ಊಹಿಸಲೂ ಆಗದ್ದು. ಕೊರತೆಯೂ ಇದೆ: ಅಲೆಕ್ಸ್ ಬಳಸಿದ ಎಲೆಕ್ಟ್ರಾನಿಕ್ ಡ್ರಮ್‌ಗಳಿಂದಾಗಿ ಈ ಆಲ್ಬಮ್ ತನ್ನ ಕಾಲಕ್ಕೆ ಕಟ್ಟುಬಿದ್ದಂತೆ ಕೇಳಿಸುತ್ತದೆ, 1978ರ ಆಲ್ಬಮ್ ಹಾಗೆ ಕೇಳಿಸುವುದಿಲ್ಲ. ಆ ದಶಕದ ಹೊಳಪು ಇಷ್ಟಪಡುವವರಿಗೆ ಇದು ಕೊರತೆಯಲ್ಲ, ಆಕರ್ಷಣೆ. 1988ರ ‘ಓಯು812’ ಅದೇ ದಾರಿಯದು. ‘ವೆನ್ ಇಟ್ಸ್ ಲವ್’ ಎಂಬ ದೊಡ್ಡ ಹಾಡು ಮತ್ತು ‘ಫಿನಿಶ್ ವಾಟ್ ಯಾ ಸ್ಟಾರ್ಟೆಡ್’ ಎಂಬ, ಎಡ್ಡಿಯ ಗಿಟಾರ್ ಒರಟು ಸದ್ದನ್ನೆಲ್ಲ ಬಿಟ್ಟು ಶುದ್ಧವಾಗಿ ಕುಣಿಯುವ ಹಳ್ಳಿಸೊಗಡಿನ ಹಾಡು ಅದರಲ್ಲಿವೆ. 1986ರ ಕೊನೆಯಲ್ಲಿ ತೀರಿಕೊಂಡ ತಂದೆಗೆ ಆ ಆಲ್ಬಮ್ ಅರ್ಪಿತ.

ಹೇಗರ್ ಕಾಲದಿಂದ ಒಂದನ್ನೇ ಆರಿಸಬೇಕಾದರೆ ನಾನು ಹಿಡಿಯುವುದು 1991ರ ‘ಫಾರ್ ಅನ್‌ಲಾಫುಲ್ ಕಾರ್ನಲ್ ನಾಲೆಜ್’ ಆಲ್ಬಮ್ಮನ್ನು. ಸ್ಟುಡಿಯೊ ಅದೇ, ಆದರೆ ಟೆಂಪಲ್‌ಮನ್ ಮರಳಿ ಬಂದಿದ್ದರು, ಅವರೊಂದಿಗೆ ಎಂಜಿನಿಯರ್ ಆ್ಯಂಡಿ ಜಾನ್ಸ್ ಇದ್ದರು. ಡ್ರಮ್ಸ್ ಮತ್ತೆ ಮರದಂತೆ, ಚರ್ಮದಂತೆ ಕೇಳುತ್ತದೆ, ಗಿಟಾರ್ ಮತ್ತೆ ಮುಂದೆ ಬರುತ್ತದೆ. ಮೊದಲ ಹಾಡು ‘ಪೌಂಡ್‌ಕೇಕ್’ ಶುರುವಾಗುವುದು ಗಿಟಾರ್‌ನ ಪಿಕಪ್ ಬಳಿ ಹಿಡಿದ ಡ್ರಿಲ್ಲಿಂಗ್ ಯಂತ್ರದ ಮೊರೆತದಿಂದ. ‘ರೈಟ್ ನೌ’ ಎಂಬ ಪಿಯಾನೊ ಹಾಡಿನ ವಿಡಿಯೊ 1992ರಲ್ಲಿ ಎಂಟಿವಿಯ ವರ್ಷದ ಶ್ರೇಷ್ಠ ವಿಡಿಯೊ ಪ್ರಶಸ್ತಿ ಪಡೆಯಿತು, ಆಲ್ಬಮ್‌ಗೆ ಗ್ರ್ಯಾಮಿಯೂ ಬಂದಿತು. 1991ರ ಮಾರ್ಚ್ 16ರಂದು ಹುಟ್ಟಿದ ಎಡ್ಡಿಯ ಮಗ ವುಲ್ಫ್‌ಗ್ಯಾಂಗ್‌ನ ಹೆಸರಿಗೆ ‘316’ ಎಂಬ ಪುಟ್ಟ ಗಿಟಾರ್ ತುಣುಕು ಇದರಲ್ಲಿದೆ. ಕೊನೆಯ ಹಾಡು ‘ಟಾಪ್ ಆಫ್ ದ ವರ್ಲ್ಡ್’ನ ಆರಂಭವನ್ನು ಕೇಳಿದ ಮೇಲೆ, 1984ರ ‘ಜಂಪ್’ ಕೊನೆಯಲ್ಲಿ ಮಾಸುತ್ತ ಹೋಗುವಾಗ ಹಿಂದೆ ಗಿಟಾರ್ ಏನು ನುಡಿಸುತ್ತದೆಂದು ಮತ್ತೊಮ್ಮೆ ಗಮನಿಸಿ. ಅದೇ ಸಂಗತಿ ಏಳು ವರ್ಷ ಬಿಟ್ಟು, ಬೇರೆ ಗಾಯಕನ ಕೈಹಿಡಿದು ಪೂರ್ತಿ ಹಾಡಾಗಿದೆ. ಎರಡು ಕಾಲಗಳು ಎರಡು ತಂಡಗಳೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

1995ರ ‘ಬ್ಯಾಲೆನ್ಸ್’ ಟಿಬೆಟಿನ ಗ್ಯುಟೊ ಭಿಕ್ಷುಗಳ ಮಂತ್ರಘೋಷದಿಂದ ತೆರೆದುಕೊಳ್ಳುತ್ತದೆ. ಬ್ರೂಸ್ ಫೇರ್‌ಬೇರ್ನ್ ನಿರ್ಮಾಣದ ಇದರಲ್ಲಿ ಒಳ್ಳೆಯ ಹಾಡುಗಳಿವೆ, ಆದರೆ ತಂಡದೊಳಗಿನ ಬಿರುಕು ಆಗಲೇ ಅಗಲವಾಗುತ್ತಿತ್ತು. 1996ರಲ್ಲಿ ಹೇಗರ್ ಹೊರಬಂದರು. ಇಲ್ಲೊಂದು ಲೆಕ್ಕ ಹೇಳಿಬಿಡಬೇಕು. ಹೇಗರ್ ಹಾಡಿದ ನಾಲ್ಕು ಸ್ಟುಡಿಯೊ ಆಲ್ಬಮ್‌ಗಳೂ ಬಿಲ್‌ಬೋರ್ಡ್‌ನಲ್ಲಿ ಮೊದಲ ಸ್ಥಾನಕ್ಕೇರಿದವು, ರಾಥ್ ಹಾಡಿದವುಗಳಲ್ಲಿ ಒಂದೂ ಏರಲಿಲ್ಲ. ಆದರೆ ಬಿಡಿಹಾಡುಗಳ ಮುಖ್ಯ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ರಾಥ್ ಹಾಡಿದ ‘ಜಂಪ್’ ಒಂದಕ್ಕೇ. ಪಟ್ಟಿಗಳನ್ನು ಮುಂದಿಟ್ಟುಕೊಂಡು ಯಾವ ಬಣವೂ ಗೆಲ್ಲಲಾರದು.

ಉಳಿದೆರಡು

ಎಕ್ಸ್‌ಟ್ರೀಮ್ ತಂಡದಿಂದ ಬಂದ ಗ್ಯಾರಿ ಷರೋನ್ ಹಾಡಿದ 1998ರ ‘ವ್ಯಾನ್ ಹೇಲನ್ 3’ನ್ನು ಕೊನೆಗೆ ಇಟ್ಟುಕೊಳ್ಳಿ. ತಪ್ಪು ಷರೋನ್‌ರದಲ್ಲ. ಸ್ವಂತ ಸ್ಟುಡಿಯೊದಲ್ಲಿ ಸಾಕು ಎನ್ನುವವರಿಲ್ಲದಿರುವುದರ ಇನ್ನೊಂದು ಮುಖ ಇಲ್ಲಿ ಕಾಣುತ್ತದೆ: ಆಲ್ಬಮ್ ಒಂದು ಗಂಟೆ ಮೀರುತ್ತದೆ, ಬೇಸ್ ಗಿಟಾರನ್ನೂ ಬಹುಪಾಲು ಎಡ್ಡಿಯೇ ನುಡಿಸಿದ್ದಾರೆ, ಆಂಟನಿ ಮೂರೇ ಹಾಡುಗಳಲ್ಲಿದ್ದಾರೆ. ಒಳ್ಳೆಯ ಗಿಟಾರ್ ಕಲ್ಪನೆಗಳು ಅಲ್ಲಲ್ಲಿ ಸಿಗುತ್ತವೆ, ಆದರೆ ಅವುಗಳನ್ನು ಹಾಡಾಗಿ ಕತ್ತರಿಸಿ ಜೋಡಿಸುವ ಎರಡನೆಯ ಕೈ ಇರಲಿಲ್ಲ.

2012ರ ‘ಎ ಡಿಫರೆಂಟ್ ಕೈಂಡ್ ಆಫ್ ಟ್ರುತ್’ ಬೇರೆಯೇ ಬಗೆಯದು. ರಾಥ್ ಮರಳಿದ್ದರು, ಬೇಸ್ ಗಿಟಾರ್ ಹಿಡಿದವರು ಇಪ್ಪತ್ತರ ಹರೆಯದ ವುಲ್ಫ್‌ಗ್ಯಾಂಗ್. ಅನೇಕ ಹಾಡುಗಳು 1970ರ ದಶಕದ, ಬಿಡುಗಡೆಯಾಗದ ಹಳೆಯ ಮುದ್ರಿಕೆಗಳಿಂದ ಬೆಳೆಸಿದವು. ‘ಶೀಸ್ ದ ವುಮನ್’ ಹಾಡಂತೂ 1976ರಲ್ಲಿ ಕಿಸ್ ತಂಡದ ಜೀನ್ ಸಿಮನ್ಸ್ ತಮ್ಮ ಖರ್ಚಿನಲ್ಲಿ ಮಾಡಿಸಿದ ಡೆಮೊದಲ್ಲೇ ಇತ್ತು. ಎಡ್ಡಿ ಇಲ್ಲಿ ತಮ್ಮ ಇಪ್ಪತ್ತರ ಹರೆಯದ ಕಲ್ಪನೆಗಳನ್ನು ಐವತ್ತೈದು ದಾಟಿದ ಕೈಗಳಿಂದ, ಕಿಂಚಿತ್ತೂ ವೇಗ ಕಳೆದುಕೊಳ್ಳದೆ ನುಡಿಸುತ್ತಾರೆ. ರಾಥ್‌ರ ಕಂಠ ತಗ್ಗಿದೆ, ಆಂಟನಿಯ ಎತ್ತರದ ದನಿ ಇಲ್ಲದ್ದು ಪ್ರತಿ ಪಲ್ಲವಿಯಲ್ಲೂ ಎದ್ದು ಕಾಣುತ್ತದೆ. ಆದರೂ ಮೊದಲ ಆಲ್ಬಮ್ ಮತ್ತು ‘ಫೇರ್ ವಾರ್ನಿಂಗ್’ ಕೇಳಿದವರು ಮೂರನೆಯದಾಗಿ ಇದನ್ನು ಕೇಳಿದರೆ ಆಶ್ಚರ್ಯಪಡುತ್ತಾರೆ.

ಸಂಕಲನ, ನೇರ ಮುದ್ರಣ, ಆವೃತ್ತಿ

ಸಂಕಲನ ಸಾಕೆನ್ನುವವರ ಮುಂದೆ ಮುಖ್ಯವಾಗಿ ಎರಡು ಆಯ್ಕೆಗಳಿವೆ. 1996ರ ‘ಬೆಸ್ಟ್ ಆಫ್: ವಾಲ್ಯೂಮ್ 1’ ಒಂದೇ ಸಿಡಿಯದು, ಕಾಲಕ್ರಮದಲ್ಲಿ ಸಾಗುತ್ತದೆ, ಕೊನೆಯಲ್ಲಿ ರಾಥ್ ಹೊಸದಾಗಿ ಹಾಡಿದ ಎರಡು ಹಾಡುಗಳಿವೆ. 2004ರ ‘ದ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ ಎರಡು ಸಿಡಿಗಳದು, ಹೇಗರ್‌ರ ಮೂರು ಹೊಸ ಹಾಡುಗಳೂ ಅದರಲ್ಲಿವೆ. ಅದರಲ್ಲಿ ಎರಡೂ ಕಾಲದ ಹಾಡುಗಳನ್ನು ಬೆರೆಸಿ ಜೋಡಿಸಿರುವುದರಿಂದ ಸದ್ದು ಹಾಡಿನಿಂದ ಹಾಡಿಗೆ ಹತ್ತು ವರ್ಷ ಹಿಂದೆ ಮುಂದೆ ಜಿಗಿಯುತ್ತದೆ. ತಂಡದ ಬೆಳವಣಿಗೆ ಅರಿಯಲು ಇದು ನೆರವಾಗದು. ನಾನಾದರೆ ಮೊದಲನೆಯದನ್ನೇ ಆರಿಸುವೆ.

ವೇದಿಕೆಯ ಮೇಲಿನ ತಂಡವನ್ನು ಕೇಳಬೇಕೆನ್ನುವವರಿಗೆ ರಾಥ್ ಕಾಲದ ಉತ್ತುಂಗದ ಅಧಿಕೃತ ನೇರ ಆಲ್ಬಮ್ ಆಗ ಬರಲೇ ಇಲ್ಲವೆಂಬುದು ಈ ತಂಡದ ದೊಡ್ಡ ಕೊರತೆ. ಇರುವುದರಲ್ಲಿ 1993ರ ‘ಲೈವ್: ರೈಟ್ ಹಿಯರ್, ರೈಟ್ ನೌ’ ಹೇಗರ್ ಇರುವ ತಂಡದ ಹುರುಪನ್ನು ಚೆನ್ನಾಗಿ ಹಿಡಿದಿದೆ, 1991ರ ಆಲ್ಬಮ್‌ನ ಹಾಡುಗಳೇ ಅದರ ಬೆನ್ನೆಲುಬು. 2015ರಲ್ಲಿ ಬಂದ, 2013ರಲ್ಲಿ ಟೋಕಿಯೊ ಡೋಮ್‌ನಲ್ಲಿ ಮುದ್ರಿಸಿದ ಆಲ್ಬಮ್‌ನಲ್ಲಿ ರಾಥ್ ಇದ್ದಾರೆ. ಅವರ ಕಂಠಕ್ಕಾಗಿ ಅಲ್ಲ, ಎಡ್ಡಿ, ಅಲೆಕ್ಸ್ ಮತ್ತು ವುಲ್ಫ್‌ಗ್ಯಾಂಗ್ ಮೂವರೂ ಒಂದೇ ಮನೆಯವರಾಗಿ ಲಯ ಹಿಡಿಯುವುದಕ್ಕಾಗಿ ಅದನ್ನು ಕೇಳಬೇಕು. ತಂಡದ ಕೊನೆಯ ಕಾರ್ಯಕ್ರಮ ಅಕ್ಟೋಬರ್ 4, 2015ರಂದು ಹಾಲಿವುಡ್ ಬೌಲ್‌ನಲ್ಲಿ ನಡೆಯಿತು. ಅಕ್ಟೋಬರ್ 6, 2020ರಂದು ಎಡ್ಡಿ ತಮ್ಮ 65ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆವೃತ್ತಿಯ ವಿಷಯದಲ್ಲಿ, 1978ರಿಂದ 1984ರವರೆಗಿನ ಆರೂ ಆಲ್ಬಮ್‌ಗಳು 2015ರಲ್ಲಿ ಮೂಲ ಟೇಪುಗಳಿಂದ ಮರುಮಾಸ್ಟರ್ ಆಗಿ, ಅಂದರೆ ಸದ್ದನ್ನು ಹೊಸದಾಗಿ ಹದಗೊಳಿಸಿ, ಬಂದವು, ಹೇಗರ್ ಕಾಲದ ನಾಲ್ಕಕ್ಕೆ ಆ ಕೆಲಸ 2023ರ ಪೆಟ್ಟಿಗೆ ಸಂಗ್ರಹದಲ್ಲಿ ಆಯಿತು. ಸಿಡಿ ಅಥವಾ ಎಲ್‌ಪಿ ಕೊಳ್ಳುವವರು ಈ ಆವೃತ್ತಿಗಳನ್ನು ಕೇಳಿ ಪಡೆಯುವುದು ಒಳ್ಳೆಯದು. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಹಾಡುಗಳನ್ನು ಅಡ್ಡಾದಿಡ್ಡಿ ಬರುವಂತೆ ಬಿಡದೆ ಆಲ್ಬಮ್‌ನ ಕ್ರಮದಲ್ಲೇ ಕೇಳಬೇಕು. ‘ಇರಪ್ಶನ್’ ಮುಗಿದ ಮರುಗಳಿಗೆ ‘ಯೂ ರಿಯಲಿ ಗಾಟ್ ಮಿ’ ಬಂದೆರಗುವುದು, ‘1984’ ತುಣುಕು ಆರಿ ‘ಜಂಪ್’ ಹುಟ್ಟುವುದು, ಎರಡೂ ಆ ಕ್ರಮದಲ್ಲಿ ಕೇಳಿದಾಗಲೇ ಸಿಗುತ್ತವೆ.